ಸತ್ತ ಸ್ಟ್ರಿಪ್ ತೋರಿಸಿದ ಸಕ್ಕರೆ

ಆ ಬೇಸಿಗೆಯಷ್ಟೂ ನನ್ನ ಕೆಲಸ ಹಾಲಿನಲ್ಲಿ ಸಕ್ಕರೆ ಹುಡುಕುವುದಾಗಿತ್ತು. ಮುಧೋಳದ ಹೊರಗಿದ್ದ ಒಂದು ಖಾಸಗಿ ಡೇರಿಯ ಪ್ರಯೋಗಾಲಯ ನನ್ನ ಕೈಯಲ್ಲಿತ್ತು. ಜಮಖಂಡಿಯಿಂದ ದಿನಾ ಮೊದಲ ಬಸ್ಸಿಗೆ ಹೋಗುತ್ತಿದ್ದೆ. ದಾರಿಯುದ್ದಕ್ಕೂ ಕಬ್ಬು. ಈ ಸೀಮೆಯಲ್ಲಿ ಸಕ್ಕರೆಗೂ ಬೆಲ್ಲಕ್ಕೂ ಯಾರ ಮನೆಯಲ್ಲೂ ಕೊರತೆಯಿಲ್ಲ, ಬುದ್ಧಿವಂತಿಕೆಗೂ ಕೊರತೆಯಿಲ್ಲ. ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಮುಳುಗಿ ಚಾಡಿ ಹೇಳುತ್ತದೆ. ಅದೇ ಹಾಲಿಗೆ ಸ್ವಲ್ಪ ಸಕ್ಕರೆ ಕರಗಿಸಿದರೆ ಅದು ಮತ್ತೆ ತೇಲಿ, ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತದೆ. ಈ ಆಟ ನಿಲ್ಲಿಸಬೇಕೆಂದು ನಮ್ಮ ವ್ಯವಸ್ಥಾಪಕರು ಹಟ ಹಿಡಿದಿದ್ದರು. ಹಟ ಸರಿಯಾದದ್ದೇ, ಅದರಲ್ಲಿ ನನ್ನ ತಕರಾರಿರಲಿಲ್ಲ.

ಹಳೆಯ ಪರೀಕ್ಷೆ ಪ್ರಯೋಗಾಲಯದಲ್ಲಿ ಮಾಡುವಂಥದ್ದು. ಹಾಲಿಗೆ ಆಮ್ಲ ಮತ್ತು ರಿಸಾರ್ಸಿನಾಲ್ ಹಾಕಿ ಕುದಿಸಿದರೆ, ಸಕ್ಕರೆಯಿದ್ದಲ್ಲಿ ಕೆಂಪಾಗುತ್ತದೆ. ಆದರೆ ಅಷ್ಟು ಹೊತ್ತಿಗೆ ಆ ಹಾಲು ಬೇರೆ ಹತ್ತು ಊರಿನ ಹಾಲಿನ ಜೊತೆ ಟ್ಯಾಂಕು ಸೇರಿರುತ್ತದೆ. ಊರಿನಲ್ಲೇ, ಕ್ಯಾನಿನ ಬಾಯಲ್ಲೇ ಹಿಡಿಯಬೇಕಿತ್ತು. ಹಾಗಾಗಿ ಬಂದದ್ದು ಬಯೋಸೆನ್ಸರ್. ಒಂದು ಕಾಲೇಜಿನ ಪ್ರಾಧ್ಯಾಪಕರು ವರ್ಷಗಟ್ಟಲೆ ಕೂತು ಮಾಡಿದ್ದು. ಅದನ್ನು ನಮ್ಮ ಹಾಲಿಗೆ ಹೊಂದಿಸುವ ಹೊಣೆ ನನ್ನದು.

ನೋಡಲು ಅದು ಸಕ್ಕರೆ ಕಾಯಿಲೆಯವರ ಮನೆಯಲ್ಲಿರುವ ಮೀಟರಿನಂತೆಯೇ. ಒಂದು ಸ್ಟ್ರಿಪ್, ಅದರ ತುದಿಯಲ್ಲಿ ಅಂಟಿಸಿದ ಕಿಣ್ವಗಳು. ಒಂದು ಕಿಣ್ವ ಕಬ್ಬಿನ ಸಕ್ಕರೆಯನ್ನು ಒಡೆಯುತ್ತದೆ. ಇನ್ನೊಂದು, ಒಡೆದು ಬಂದ ಗ್ಲೂಕೋಸನ್ನು ಹಿಡಿದು ಆಮ್ಲಜನಕದ ಜೊತೆ ಕೂಡಿಸುತ್ತದೆ. ಹಾಗೆ ಕೂಡಿದಾಗ ಒಂದಿಷ್ಟು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಕೆಳಗಿರುವ ಎಲೆಕ್ಟ್ರೋಡ್ ಅದರಿಂದ ಅತಿ ಸಣ್ಣ ಕರೆಂಟನ್ನು ಪಡೆದು ಪರದೆಯ ಮೇಲೆ ಅಂಕಿ ತೋರಿಸುತ್ತದೆ. ಹಾಲಿನ ಸ್ವಂತ ಸಕ್ಕರೆಯಾದ ಲ್ಯಾಕ್ಟೋಸನ್ನು ಈ ಕಿಣ್ವಗಳು ಮೂಸಿಯೂ ನೋಡುವುದಿಲ್ಲ. ಆದ್ದರಿಂದ ಅಂಕಿ ಬಂತೆಂದರೆ ಯಾರೋ ಹೊರಗಿನಿಂದ ಹಾಕಿದ್ದಾರೆ ಎಂದೇ ಲೆಕ್ಕ.

ಮೊದಮೊದಲು ಅದು ನಮ್ಮನ್ನು ಚೆನ್ನಾಗಿ ಸತಾಯಿಸಿತು. ಎಮ್ಮೆ ಹಾಲಿನ ಕೊಬ್ಬು ಎಲೆಕ್ಟ್ರೋಡಿನ ಮೇಲೆ ಪದರಗಟ್ಟಿ ಅಂಕಿಯನ್ನು ತಗ್ಗಿಸುತ್ತಿತ್ತು. ಹಾಲನ್ನು ಬಫರ್ ದ್ರಾವಣದಲ್ಲಿ ತೆಳುಮಾಡಿ, ಸ್ಟ್ರಿಪ್ಪಿನ ಮೇಲೆ ಒಂದು ಸಣ್ಣ ಸೋಸುಪೊರೆ ಕೂರಿಸಿದ ಮೇಲೆ ಅದು ಸರಿಹೋಯಿತು. ಬಿಸಿಲಿಗೆ ಕಿಣ್ವ ಸಾಯುತ್ತಿತ್ತು. ಸ್ಟ್ರಿಪ್ಪುಗಳನ್ನು ಐಸಿನ ಪೆಟ್ಟಿಗೆಯಲ್ಲಿ ಒಯ್ಯತೊಡಗಿದೆವು. ಪ್ರತಿ ಊರಿನ ಹಾಲು ಸಂಗ್ರಹ ಕೇಂದ್ರದಲ್ಲೂ ಮೊದಲು ಅಳತೆ ಗೊತ್ತಿರುವ ಸಕ್ಕರೆ ನೀರಿನ ಹನಿ ಹಾಕಿ, ಯಂತ್ರ ಸರಿಯಾದ ಅಂಕಿ ಹೇಳುತ್ತದೆಯೇ ನೋಡಿ, ಆಮೇಲೆ ಹಾಲು. ಪ್ರಾಧ್ಯಾಪಕರ ಮೂಲ ಸ್ಟ್ರಿಪ್ಪಿನಲ್ಲಿ ಎರಡು ಎಲೆಕ್ಟ್ರೋಡುಗಳಿದ್ದವು: ಒಂದರ ಮೇಲೆ ಕಿಣ್ವ, ಇನ್ನೊಂದು ಬರಿದು. ಬರಿದಾದದ್ದು ಸಾಕ್ಷಿ. ಅದೂ ಅಂಕಿ ತೋರಿಸಿದರೆ ಅದು ಸಕ್ಕರೆಯಲ್ಲ, ಬೇರೇನೋ. ಆ ಸಾಕ್ಷಿಯನ್ನು ನಮ್ಮ ಆಡಳಿತದವರು ಖರ್ಚು ದಂಡವೆಂದು ತೆಗೆಸಿಹಾಕಿದರು. ನಾನು ಬೇಡವೆಂದು ಜಗಳವನ್ನೇ ಆಡಿದೆ. "ಹಾಲಿನಾಗ ಇನ್ನೇನ ಇರತೈತ್ರಿ ಮೇಡಂ? ಎಲ್ಲಾದಕ್ಕೂ ಸಂಶೇನೇನು?" ಎಂದು ವ್ಯವಸ್ಥಾಪಕರು ನಕ್ಕುಬಿಟ್ಟರು.

ಹಿಂದೆಯೇ ಅವರ ನಿಯಮವೂ ಬಂತು. ಒಂದು ಕೇಂದ್ರದ ಹಾಲಿನಲ್ಲಿ ಮೂರು ಸಲ ಸಕ್ಕರೆ ಸಿಕ್ಕರೆ ಆ ಕೇಂದ್ರ ಬಂದ್. ಅದನ್ನು ನಡೆಸುವವರ ಹೆಸರು ಎಲ್ಲ ಕೇಂದ್ರಗಳ ಫಲಕದ ಮೇಲೆ.

ಊರುಗಳಲ್ಲಿ ಯಂತ್ರಕ್ಕೆ ಒಳ್ಳೆಯ ಸ್ವಾಗತವೇ ಸಿಕ್ಕಿತು. ರನ್ನ ಬೆಳಗಲಿ ಕಡೆ ಒಬ್ಬ ಅಜ್ಜ ಮೀಟರ್ ನೋಡಿ, "ಏನ್ರಿ, ನಮ್ಮ ಎಮ್ಮಿಗಿ ಶುಗರ್ ಬಂದೈತೇನು? ನಾಳಿಂದ ರೊಟ್ಟಿ ಹಾಕಲ್ಯಾ, ಹುಲ್ಲ ಹಾಕಲ್ಯಾ?" ಎಂದು ಕೇಳಿದ. ವ್ಯಾನಿನ ಚಾಲಕ ಈ ಮಾತನ್ನು ಮುಂದಿನ ಊರುಗಳಿಗೆಲ್ಲ ಹಂಚಿದ. ಅವನ ವ್ಯಾನಿನಲ್ಲಿ ಹಾಲಿಗಿಂತ ಸುದ್ದಿಯೇ ಹೆಚ್ಚು ಸಾಗುತ್ತಿತ್ತು.

ಅನಗವಾಡಿ ದಾಟಿ ಹೊಳೆಯ ದಂಡೆಗೆ ಒಂದು ಹಳ್ಳಿ. ಅಲ್ಲಿಯದು ಹೆಂಗಸರೇ ನಡೆಸುವ ಕೇಂದ್ರ. ತೋಟದ ಮನೆಗಳಿಂದ ಹೆಂಗಸರು ತಲೆಯ ಮೇಲೆ ಹಾಲು ಹೊತ್ತು ತಂದು ಅಳೆಸಿ ಹೋಗುತ್ತಿದ್ದರು. ಕೇಂದ್ರದ ಕಾರ್ಯದರ್ಶಿ ನನಗಿಂತ ದೊಡ್ಡವರು. ಎತ್ತರದ ಆಳು, ಎತ್ತರದ ದನಿ. ಹಾಲಿನಲ್ಲಿ ಒಂದು ಹುಲ್ಲಿನ ಎಸಳು ಕಂಡರೂ ತಂದವರನ್ನು ನಿಲ್ಲಿಸಿ ಬೈಯುತ್ತಿದ್ದರು. ಅವರ ಕ್ಯಾನುಗಳಿಗೆ ಇಡೀ ಮಾರ್ಗದಲ್ಲೇ ಹೆಸರಿತ್ತು. ಬೇರೆ ಕೇಂದ್ರದ ಕ್ಯಾನಿನ ಮುಚ್ಚಳ ತೆಗೆದರೆ ಹುಳಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಇವರ ಕ್ಯಾನಿನ ಒಳಗೆ ಮುಖ ಕಾಣುತ್ತಿತ್ತು. ಕಡು ಬೇಸಿಗೆಯಲ್ಲೂ ಅವರ ಹಾಲು ಒಡೆದದ್ದಿಲ್ಲ. ಒಡೆದ ಹಾಲಿನ ಜಗಳದಲ್ಲೇ ಬೆಳಗು ಕಳೆಯುವ ನಮಗೆ ಆ ಊರು ಬಂತೆಂದರೆ ಸಮಾಧಾನ.

ಆ ಹಾಲೇ ಅಂಕಿ ತೋರಿಸಿತು. ಅಂಥಿಂಥ ಅಂಕಿಯಲ್ಲ, ಹಿಡಿಗಟ್ಟಲೆ ಸಕ್ಕರೆ ಸುರಿದರೆ ಬರುವಂಥದ್ದು. ಸ್ಟ್ರಿಪ್ ಬದಲಿಸಿದೆ, ಮತ್ತೆ ಅದೇ. ಸಕ್ಕರೆ ನೀರಿನ ಹನಿ ಹಾಕಿ ಯಂತ್ರವನ್ನು ಮತ್ತೆ ನೋಡಿದೆ, ಯಂತ್ರ ಸರಿಯಿತ್ತು.

ಕಾರ್ಯದರ್ಶಿ ಮೊದಲ ಸಲ ನಕ್ಕರು. "ನಿಮ್ಮ ಮಷಿನ್ನಿಗಿ ಬಿಸಲ ಬಡದೈತಿ ನೋಡ್ರಿ ಮೇಡಮ್ಮಾರ. ಒಂದೀಟ ಮಜ್ಜಿಗಿ ಕುಡಸ್ರಿ ಅದಕ."

ಮುಂದಿನ ವಾರ ಮತ್ತೆ ಅದೇ ಅಂಕಿ ಬಂದಾಗ ನಗಲಿಲ್ಲ. ಹಾಲು ಅಳೆಸಲು ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಯಾರೋ ಒಬ್ಬರು ಸಕ್ಕರೆ ಹಾಕಿರಬಹುದೆಂದು ನಾನು ಪ್ರತಿಯೊಬ್ಬರ ಪಾತ್ರೆಯ ಹಾಲನ್ನೂ ಬೇರೆ ಬೇರೆ ಪರೀಕ್ಷಿಸಿದೆ. ಒಬ್ಬರದರಲ್ಲೂ ಏನೂ ಇಲ್ಲ. ಕೇಂದ್ರದ ಕ್ಯಾನಿಗೆ ಸುರಿದ ಮೇಲಷ್ಟೇ ಅಂಕಿ. ಅಂದರೆ ಹಾಕಿದವರು ಕೇಂದ್ರದವರೇ, ಎಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ನಾನು ಬಾಯಿ ಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ.

"ನಾ ಏನರ ಹಾಕಿದ್ರ ನನ್ನ ಕೈ ಸೇದಿಹೋಗ್ಲಿ," ಎಂದರು ಕಾರ್ಯದರ್ಶಿ. ದನಿ ಎತ್ತರದ್ದಾಗಿರಲಿಲ್ಲ. "ಈ ಊರಾಗ ಸೊಸಿಯಾಗಿ ಬಂದ ಮ್ಯಾಲ ಯಾರ ಬಾಯಾಗೂ ಬಿದ್ದಾಕಿ ಅಲ್ಲ ನಾ."

ವ್ಯಾನು ಮುಂದಿನ ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಎರಡೇ ದಿನಕ್ಕೆ ಬೀಳಗಿ ಕಡೆಯ ಕೇಂದ್ರಗಳಲ್ಲಿ ಆ ಊರಿಗೆ 'ಸಕ್ಕರಿ ಡೇರಿ' ಎಂದು ಹೆಸರು ಬಿತ್ತು. ಕೆಲವು ಹೆಂಗಸರು ಹಾಲನ್ನು ಬೇರೆ ಕಡೆ ಹಾಕತೊಡಗಿದರು. ಇನ್ನೊಂದು ಸಲ ಅಂಕಿ ಬಂದರೆ ಕೇಂದ್ರ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಆ ಹೆಂಗಸಿನ ಹೆಸರು ಹೋಗುತ್ತದೆ. ಅದು ನನ್ನ ಕೈಯ ಸ್ಟ್ರಿಪ್ಪಿನ ಮೇಲೆ ನಿಂತಿತ್ತು.

ನನಗೆ ಕಾಡಿದ್ದು ಇನ್ನೊಂದು. ಊರಿನಲ್ಲಿ ತೆಗೆದ ಮಾದರಿ ಹಾಲನ್ನು ಮುಧೋಳಕ್ಕೆ ತಂದು ರಿಸಾರ್ಸಿನಾಲ್ ಹಾಕಿ ಕುದಿಸಿದರೆ ಕೆಂಪು ಬರಲಿಲ್ಲ. ಅದೇ ಹಾಲನ್ನು ಅದೇ ಸೆನ್ಸರಿಗೆ ಕೊಟ್ಟರೆ, ಊರಿನಲ್ಲಿ ಬೊಬ್ಬೆ ಹೊಡೆದ ಯಂತ್ರ ಇಲ್ಲಿ ಪಿಸುಗುಟ್ಟಿತು. ದಾರಿಯಲ್ಲಿ ಸಕ್ಕರೆ ಎಲ್ಲಿ ಹೋಯಿತು?

"ಡ್ರೈವರ್ ಬಾಟ್ಲಿ ಬದಲ ಮಾಡ್ಯಾನ," ಎಂದರು ವ್ಯವಸ್ಥಾಪಕರು. ಚಾಲಕನ ಮುಖ ಕಪ್ಪಿಟ್ಟಿತು. ಎರಡನೆಯ ಸಲ ನಾನೇ ಬಾಟಲಿಗೆ ಅರಗು ಹಾಕಿ ಮುದ್ರೆ ಒತ್ತಿ, ಐಸಿನಲ್ಲಿಟ್ಟು, ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಫಲಿತಾಂಶ ಅದೇ. ಆಗ ಅವರು ಕನ್ನಡಕ ತೆಗೆದು ಒರೆಸುತ್ತ, "ಹಂಗಾದ್ರ ನಿಮ್ಮ ಲ್ಯಾಬಿನ್ಯಾಗ ಏನೋ ನಡದೈತಿ ಮೇಡಂ. ನಿಮಗ ಆಕಿ ಬಗ್ಗೆ ಕರುಣಾ ಭಾಳ ಐತಿ," ಎಂದರು.

ಮೈ ಉರಿದುಹೋಯಿತು. ಹಿಂದೆ ತಿರುಗಿ ಬಂದು ಪ್ರಯೋಗಾಲಯದ ಬಾಗಿಲನ್ನು ಎಷ್ಟು ಜೋರಾಗಿ ಎಳೆದೆನೆಂದರೆ ಕಪಾಟಿನ ಗಾಜಿನ ಕೊಳವೆಗಳೆಲ್ಲ ಗದಗದ ನಡುಗಿದವು. ಪ್ರಾಧ್ಯಾಪಕರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು, "ಸಾಕ್ಷಿ ಎಲೆಕ್ಟ್ರೋಡ್ ಇದ್ದಿದ್ರ ಹೇಳಬಹುದಿತ್ತ ನೋಡ್ರಿ," ಎಂದರು. ಅದು ನನಗೂ ಗೊತ್ತಿತ್ತು. ಆದರೆ ಫೋನ್ ಇಟ್ಟ ಮೇಲೆ ಆ ಮಾತೇ ತಲೆಯಲ್ಲಿ ಕೂತಿತು. ಸಾಕ್ಷಿ ಅಂದರೇನು? ಕಿಣ್ವವಿಲ್ಲದ ಎಲೆಕ್ಟ್ರೋಡ್. ಇರುವ ಸ್ಟ್ರಿಪ್ಪಿನ ಕಿಣ್ವವನ್ನು ಕೊಂದರೆ ಅದೇ ಸಾಕ್ಷಿಯಲ್ಲವೇ? ಬಿಸಿಲಿಗೆ ಸತ್ತ ಸ್ಟ್ರಿಪ್ಪುಗಳನ್ನು ಎಷ್ಟೋ ಸಲ ಶಾಪ ಹಾಕಿ ಎಸೆದಿದ್ದೆ. ಈಗ ನಾನೇ ಒಂದನ್ನು ಸಾಯಿಸಬೇಕಿತ್ತು.

ಮೂರನೆಯ ಪರೀಕ್ಷೆಯ ದಿನ ಬಂತು. ವ್ಯಾನು ಊರು ಮುಟ್ಟಿದಾಗ ಕೇಂದ್ರದ ಮುಂದೆ ಹಾಲು ತಂದವರಿಗಿಂತ ನೋಡಲು ಬಂದವರೇ ಹೆಚ್ಚು. ಹನಿ ಹಾಕಿದೆ. ಅಂಕಿ ಬಂತು, ಹಿಂದಿನಷ್ಟೇ. ಚಾಲಕ ಬರೆದುಕೊಳ್ಳಲು ಪೆನ್ನು ತೆಗೆದ. ನಾನು ಬರೆಯಬೇಡ ಎಂದೆ.

"ಮೇಡಂ, ಸಾಹೇಬ್ರು ಕೇಳ್ತಾರ್ರಿ."

"ಕೇಳಿದ್ರ ಮೇಡಂ ಊರಾಗ ಕುಂತಾರ ಅಂತ ಹೇಳು. ನೀ ಮುಂದ ಹೋಗು. ತಿರುಗಿ ಬರೂಮುಂದ ನನ್ನ ಕರಕೊಂಡ ಹೋಗು."

ಈ ಕೇಂದ್ರದ ಹಾಲನ್ನು ವ್ಯಾನಿಗೆ ಏರಿಸಲು ಬಿಡಲಿಲ್ಲ. ಹಾಗೆ ಹಾಲು ತಡೆಯುವ ಅಧಿಕಾರ ನನಗಿರಲಿಲ್ಲ; ಕೆಲಸ ಹೋದರೆ ಹೋಗಲಿ ಎಂದುಕೊಂಡೆ. ಬೇರೆ ಕೇಂದ್ರಗಳ ಮಾದರಿ ಬಾಟಲಿಗಳು ನಾನು ವ್ಯಾನಿನಿಂದ ಇಳಿಸಿಕೊಂಡ ಐಸಿನ ಪೆಟ್ಟಿಗೆಯಲ್ಲಿದ್ದವು. ಜನ ಬೇಸತ್ತು ಚದುರಿದರು. ನಾನು, ಕಾರ್ಯದರ್ಶಿ, ಮೀಟರ್, ಇಷ್ಟೇ ಉಳಿದೆವು.

ಸ್ವಲ್ಪ ಹೊತ್ತು ಬಿಟ್ಟು ಅದೇ ಹಾಲನ್ನು ಮತ್ತೆ ನೋಡಿದೆ. ಅಂಕಿ ಇಳಿದಿತ್ತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ನೋಡಿದೆ, ಮತ್ತೂ ಇಳಿದಿತ್ತು. ಕಾರ್ಯದರ್ಶಿ ನನ್ನ ಭುಜದ ಹಿಂದಿನಿಂದ ಬಗ್ಗಿ ನೋಡುತ್ತಿದ್ದರು.

"ಸಕ್ಕರಿ ತಾನ ಹೊಂಟ ಹೋಗಾಕತ್ತೈತೇನ್ರಿ?"

"ಸಕ್ಕರಿ ಎಲ್ಲಿಗೂ ಹೋಗೂದಿಲ್ಲಕ್ಕಾ. ಇದು ಬ್ಯಾರೆ ಏನೋ ಐತಿ. ಒಲಿ ಮ್ಯಾಲ ಒಂದೀಟ ನೀರ ಕುದಿಸಿ ಕೊಡ್ರಿ."

ಅವರ ಮನೆ ಕೇಂದ್ರಕ್ಕೆ ಹೊಂದಿಕೊಂಡೇ ಇತ್ತು. ಕುದಿಯುವ ನೀರಿನಲ್ಲಿ ಹೊಸ ಸ್ಟ್ರಿಪ್ಪೊಂದರ ತುದಿಯನ್ನು ಅದ್ದಿ ಹಿಡಿದೆ. ಕಿಣ್ವ ಮೊಟ್ಟೆಯ ಬಿಳಿಯ ಜಾತಿಯದು, ಬೆಂದರೆ ಮುಗಿಯಿತು. ತೆಗೆದು, ಆರಿಸಿ, ಅದರ ಮೇಲೆ ಸಕ್ಕರೆ ನೀರಿನ ಹನಿ ಹಾಕಿದೆ. ಸೊನ್ನೆ. ಸ್ಟ್ರಿಪ್ ಸತ್ತಿತ್ತು, ಈಗ ಅದು ಸಕ್ಕರೆಯನ್ನು ಕಾಣಲಾರದು. ಹಾಗೆಯೇ ಬೇಯಿಸಿದ ಇನ್ನೊಂದರ ಮೇಲೆ ಅದೇ ಕ್ಯಾನಿನ ಹಾಲು ಹಾಕಿದೆ. ಅಂಕಿ ಎದ್ದು ಬಂತು. ಬೇರೆ ಕೇಂದ್ರಗಳ ಹಾಲನ್ನು ಇನ್ನಷ್ಟು ಸತ್ತ ಸ್ಟ್ರಿಪ್ಪುಗಳ ಮೇಲೆ ಹಾಕಿದೆ. ಸೊನ್ನೆ, ಸೊನ್ನೆ.

"ಅಕ್ಕಾ, ನಿಮ್ಮ ಹಾಲಿನಾಗ ಸಕ್ಕರಿ ಇಲ್ಲ," ಎಂದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ನನಗೆ ಆಗ ಹಿಗ್ಗೋ ಹಿಗ್ಗು. ವ್ಯವಸ್ಥಾಪಕರ ಮುಖ ಹೇಗಾಗುತ್ತದೆ ಎಂದು ಊಹಿಸಿಕೊಂಡು ಇನ್ನಷ್ಟು ಹಿಗ್ಗಿದೆ.

ಆದರೆ ಅಂಕಿ ಎಲ್ಲಿಂದ ಬರುತ್ತಿದೆ ಎಂಬುದು ಉಳಿದಿತ್ತು. ಕಿಣ್ವವಿಲ್ಲದೆ ಆ ಎಲೆಕ್ಟ್ರೋಡ್ ಕಾಣುವುದು ಮುಖ್ಯವಾಗಿ ಒಂದನ್ನೇ. ಯಂತ್ರ ಯಾವತ್ತೂ ಸಕ್ಕರೆಯನ್ನು ನೋಡಿದ್ದೇ ಇಲ್ಲ. ಸಕ್ಕರೆಯಿಂದ ಹುಟ್ಟುವ ಪೆರಾಕ್ಸೈಡನ್ನು ಮಾತ್ರ ನೋಡಿದ್ದು. ಪೆರಾಕ್ಸೈಡ್ ಮೊದಲೇ ಹಾಲಿನಲ್ಲಿದ್ದರೆ? ಹಾಗಿದ್ದರೆ ಒಂದೆರಡು ಹನಿಯೂ ಯಂತ್ರಕ್ಕೆ ಹಿಡಿ ಸಕ್ಕರೆಯಾಗಿ ಕಾಣುತ್ತದೆ. ಹಸಿ ಹಾಲು ತಾನೇ ಅದನ್ನು ಮೆಲ್ಲಗೆ ಮುರಿದುಹಾಕುತ್ತದೆ, ಅದಕ್ಕೇ ದಾರಿಯಲ್ಲಿ ಅಂಕಿ ಕರಗುತ್ತಿತ್ತು. ಎಲ್ಲ ಹೊಂದಿತು. ಹೊಂದಿದಷ್ಟೂ ನನ್ನ ಹಿಗ್ಗು ಇಳಿಯಿತು.

"ಅಕ್ಕಾ, ಕ್ಯಾನ ಹೆಂಗ ತೊಳಿತೀರಿ? ಒಂಚೂರ ಮಾಡಿ ತೋರಸ್ರಿ."

ಈ ಪ್ರಶ್ನೆಗೆ ಅವರು ಮತ್ತೆ ತಮ್ಮ ಎತ್ತರಕ್ಕೆ ಎದ್ದು ನಿಂತರು. ಅದು ಅವರ ಹೆಮ್ಮೆಯ ಜಾಗ. ಸಂಜೆ ಹಾಲು ಹೋದ ಮೇಲೆ ಕ್ಯಾನುಗಳನ್ನು ಬೂದಿ ಹಾಕಿ ತಿಕ್ಕುವುದು, ಬಿಸಿನೀರಲ್ಲಿ ಜಾಲಾಡಿಸುವುದು. ಆಮೇಲೆ ಮೂಲೆಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಡಬ್ಬಿಯನ್ನು ಎಳೆದು ತಂದರು. ಅದರ ಮೇಲಿನ ಚೀಟಿ ಸವೆದು ಅಕ್ಷರ ಉಳಿದಿರಲಿಲ್ಲ.

"ಕಡೀಕ ಇದನ್ನ ಒಂದ ಮುಚ್ಚಳ ನೀರಾಗ ಕೂಡಿಸಿ, ಕ್ಯಾನಿನಾಗ ಹಾಕಿ ಗುಳುಗುಳು ಅಲಗಾಡಿಸಿ, ಮುಚ್ಚಿ ಇಡತೇನ್ರಿ. ಮುಂಜಾನೆ ಬಗ್ಗಿಸಿ ಚೆಲ್ಲಿ, ಹಾಲ ಹಾಕೂದ. ಮತ್ತ ನೀರ ಹಾಕಿ ತೊಳದ್ರ ಬೋರಿನ ನೀರಿನ ಹೊಲಸ ಹತ್ತತೈತಿ."

"ಇದು ಎಲ್ಲಿಂದ ಬಂತಕ್ಕಾ?"

"ನಮ್ಮ ಮೈದುನ ಬನಹಟ್ಟ್ಯಾಗ ನೂಲ ಬಿಳಿ ಮಾಡೂ ಕಡೆ ಅದಾನ್ರಿ. ಅವನ ತಂದಕೊಟ್ಟ. ನೂಲ ಇದರಾಗ ಹಾಕಿದ್ರ ಹಾಲಿನಂಗ ಬೆಳ್ಳಗ ಆಗತೈತಂತ. ನೂಲ ಅಷ್ಟ ಸ್ವಚ್ಛ ಆಗತೈತಿ ಅಂದ್ರ ಕ್ಯಾನ ಆಗೂದಿಲ್ಲೇನ್ರಿ?"

ಮಗ್ಗದ ಊರು ಒಂದು ಕಡೆ, ಹಾಲಿನ ಊರು ಇನ್ನೊಂದು ಕಡೆ, ನಡುವೆ ನೆಂಟಸ್ತನ. ನೂಲಿಗೆ ಒಳ್ಳೆಯದು ಕ್ಯಾನಿಗೂ ಒಳ್ಳೆಯದು ಎಂದು ತಿಳಿಯುವುದರಲ್ಲಿ ಏನೂ ವಿಚಿತ್ರವಿರಲಿಲ್ಲ. ಒಂದು ಆಲೂಗಡ್ಡೆ ಕೇಳಿ ತೆಗೆದುಕೊಂಡು, ಹೆಚ್ಚಿ, ಅದರ ಮೇಲೆ ಡಬ್ಬಿಯ ನೀರನ್ನು ಒಂದೆರಡು ಹನಿ ಬಿಟ್ಟೆ. ಭರ್‍ರೆಂದು ಬಿಳಿ ನೊರೆ ಎದ್ದು, ಹೋಳು ಕಾಣದಂತೆ ಮುಚ್ಚಿಕೊಂಡಿತು. ಪೆರಾಕ್ಸೈಡೇ. ಅದೂ ಬಟ್ಟೆಯ ಕೆಲಸದ್ದು, ತಿನ್ನುವ ಪದಾರ್ಥದ ಹತ್ತಿರ ಸುಳಿಯಬಾರದಂಥದ್ದು.

ತಿಳಿಯುವಂತೆ ಹೇಳಿದೆ. ತಳದಲ್ಲಿ ಉಳಿಯುವ ಗುಟುಕು ನೀರು ಹಾಲಿಗೆ ಸೇರುತ್ತದೆ, ಅದಕ್ಕೇ ಹಾಲು ಒಡೆಯುತ್ತಿರಲಿಲ್ಲ, ಇದನ್ನು ಹಾಲಿಗೆ ಬೆರೆಸುವುದಕ್ಕೆ ಕಾನೂನು ಬಿಡುವುದಿಲ್ಲ ಎಂದೆ. ಅವರು ನನ್ನ ಮಾತನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಆಲೂಗಡ್ಡೆಯ ಮೇಲಿನ ನೊರೆಯನ್ನೇ ನೋಡುತ್ತಿದ್ದರು.

"ನಮ್ಮ ಮೊಮ್ಮಗಳಿಗೂ ಆ ಕ್ಯಾನಿನಾಗಿನ ಹಾಲ ಕುಡಸೇನ್ರಿ," ಎಂದರು. "ದಿನಾ. ಮೊದಲನೇ ಲೋಟಾ ಆಕಿಗೇ."

ಅಳತೆ ಬಹಳ ಸಣ್ಣದು, ಹಾಲು ತಾನೇ ಅದನ್ನು ಮುರಿಯುತ್ತದೆ, ಬಹುಶಃ ಏನೂ ಆಗಿರಲಿಕ್ಕಿಲ್ಲ ಎಂದೆ. 'ಬಹುಶಃ' ಎಂಬ ಮಾತನ್ನು ನುಂಗಿಕೊಳ್ಳಬೇಕೆಂದು ನೋಡಿದೆ, ಬರಲಿಲ್ಲ. ಡಾಕ್ಟರಿಗೆ ತೋರಿಸಿ ಎಂದೂ ಹೇಳಿದೆ. ಮಗು ಚೆನ್ನಾಗಿಯೇ ಇತ್ತು, ಆಮೇಲೂ ಚೆನ್ನಾಗಿಯೇ ಉಳಿಯಿತು. ಆ ದಿನದ ಹಾಲನ್ನು ಕಾರ್ಯದರ್ಶಿ ತಾವೇ ಮೋರಿಗೆ ಸುರಿದರು. ನಾನು ಕ್ಯಾನಿನ ತಳದ ನೀರನ್ನೂ ಡಬ್ಬಿಯ ಮಾದರಿಯನ್ನೂ ಬಾಟಲಿಗೆ ತುಂಬಿಕೊಂಡು ಬಂದೆ. ಮುಧೋಳದಲ್ಲಿ ಅಯೋಡೈಡ್ ಮತ್ತು ಗಂಜಿ ಹಾಕಿ ನೋಡಿದಾಗ ಎರಡೂ ಪೆರಾಕ್ಸೈಡಿನ ಗುರುತಾದ ಕಡುನೀಲಿಗೆ ತಿರುಗಿದವು. ಮರುದಿನ ಬರೀ ಬಿಸಿನೀರಲ್ಲಿ ತೊಳೆದ ಕ್ಯಾನುಗಳ ಹಾಲು ಬಂತು. ಸ್ಟ್ರಿಪ್ ಏನನ್ನೂ ತೋರಿಸಲಿಲ್ಲ.

ವ್ಯವಸ್ಥಾಪಕರ ಮೇಜಿನ ಮೇಲೆ ನೀಲಿ ಕೊಳವೆಗಳನ್ನಿಟ್ಟು ಎಲ್ಲವನ್ನೂ ವಿವರಿಸಿದೆ. ಅವರು ದಡ್ಡರಲ್ಲ. ನನಗಿಂತ ಬೇಗ ಅವರಿಗೆ ಅದರ ಕೊನೆ ಕಾಣಿಸಿತು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಇದನ್ನ ಯಾರಿಗಿ ಹೇಳೀರಿ?"

"ಇನ್ನೂ ಯಾರಿಗೂ ಇಲ್ಲ ಸರ್."

"ಹೇಳಬ್ಯಾಡ್ರಿ. ಸಕ್ಕರಿ ಅಂತನ ಇರ್ಲಿ. ಸಕ್ಕರಿ ಅಂದ್ರ ಒಬ್ಬಾಕಿ ತಪ್ಪ. ಪೆರಾಕ್ಸೈಡ ಅಂದ್ರ, ಬ್ಯಾಸಗಿ ತುಂಬ ಆ ಹಾಲ ನಮ್ಮ ಪಾಕೀಟಿನಾಗ ಹೋಗೇತಿ. ಲ್ಯಾಬಿನವರು ಏನ ಮಾಡತಿದ್ರು ಅಂತ ಮೊದಲ ಕೇಳೂದು ನಿಮ್ಮನ್ನ."

"ಆಕಿ ಸಕ್ಕರಿ ಹಾಕಿಲ್ಲ ಸರ್."

"ಏನೂ ಹಾಕಿಲ್ಲ ಅಂತನೂ ಅಲ್ಲಲ್ಲ."

ಆ ಮಾತು ನಿಜವೇ. ಅವರು ಹೆದರಿಸಿದ್ದೂ ಸುಳ್ಳಲ್ಲ. ಪೆರಾಕ್ಸೈಡಿನ ಪರೀಕ್ಷೆಯನ್ನು ನಾವು ಟ್ಯಾಂಕಿನ ಹಾಲಿಗೆ ಮಾತ್ರ ಮಾಡುತ್ತಿದ್ದೆವು, ಅಷ್ಟು ಹಾಲಿನಲ್ಲಿ ಕಲಸಿ ಅದು ಮಾಯವಾಗಿರುತ್ತಿತ್ತು. ಸುಮ್ಮನಿದ್ದರೆ ನಾನು ಉಳಿಯುತ್ತಿದ್ದೆ, ಡೇರಿ ಉಳಿಯುತ್ತಿತ್ತು. ಬರೆದರೆ ಆ ಹೆಂಗಸಿನ ಮೇಲಿನ ಸಕ್ಕರೆಯ ಕಳಂಕ ಹೋಗಿ ಇನ್ನೊಂದು ಬರುತ್ತಿತ್ತು. ಇದನ್ನು ನಾನೊಬ್ಬಳೇ ತೀರ್ಮಾನಿಸುವುದು ಸರಿಯಲ್ಲವೆನಿಸಿ, ರಜೆ ಹಾಕಿ, ಬಸ್ಸಿಗೆ ಆ ಊರಿಗೆ ಹೋದೆ.

ಕಾರ್ಯದರ್ಶಿ ಕೇಂದ್ರದ ಕಟ್ಟೆಯ ಮೇಲೆ ಕೂತಿದ್ದರು. ಎರಡೂ ದಾರಿಗಳನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಬರೆದರೆ ಕೇಂದ್ರ ಉಳಿಯುತ್ತದೆಂಬ ಭರವಸೆಯಿಲ್ಲ ಎಂದೂ ಹೇಳಿದೆ.

"ಬರೀರಿ," ಎಂದರು, ಯೋಚನೆಯನ್ನೂ ಮಾಡದೆ. "ತಿಳದ ಮಾಡಿದ್ದ ಬ್ಯಾರೆ, ತಿಳೀದ ಮಾಡಿದ್ದ ಬ್ಯಾರೆ. ಸಕ್ಕರಿ ಹಾಕಿ ಮಂದಿಗಿ ಮೋಸ ಮಾಡಿದಾಕಿ ಅನ್ನೂದ ಒಂದ ಹೋಗ್ಲಿ. ಮತ್ತ, ನನ್ನಂಗ ಇನ್ನೊಬ್ಬಾಕಿ ಆ ಔಷಧ ಹಾಕಿ ತೊಳೀತಿದ್ರ? ಆಕಿ ಮನ್ಯಾಗೂ ಕೂಸ ಇರತಾವಲ್ರಿ."

ಬರೆದೆ. ಸತ್ತ ಸ್ಟ್ರಿಪ್ಪಿನ ಅಂಕಿಗಳು, ಇಳಿದ ಅಂಕಿಗಳು, ನೀಲಿ ಬಣ್ಣ, ಕ್ಯಾನು ತೊಳೆಯುವ ರೀತಿ, ಯಾವುದನ್ನೂ ಬಿಡಲಿಲ್ಲ. ಸಕ್ಕರೆ ಇಲ್ಲ ಎಂಬುದನ್ನು ಮೊದಲ ಸಾಲಿನಲ್ಲೇ ಬರೆದೆ. ತಿಳಿಯದೆ ಆದದ್ದು ಎಂಬುದನ್ನು ಎರಡನೆಯ ಸಾಲಿನಲ್ಲಿ. ವ್ಯವಸ್ಥಾಪಕರನ್ನು ದಾಟಿ ನೇರ ಮಾಲೀಕರಿಗೆ ಕೊಟ್ಟೆ.

ಒಂದು ರೀತಿಯಲ್ಲಿ ಅದು ಕೆಲಸ ಮಾಡಿತು. ಎಲ್ಲ ಮಾರ್ಗಗಳ ಕ್ಯಾನುಗಳನ್ನು ತಪಾಸಣೆ ಮಾಡಿಸಿದರು. ರಬಕವಿ-ಬನಹಟ್ಟಿ ಕಡೆಯ ಇನ್ನೊಂದ್ಯಾವುದೋ ದೊಡ್ಡ ಕೇಂದ್ರದಲ್ಲೂ ಅದೇ ನೀಲಿ ಡಬ್ಬಿ ಸಿಕ್ಕಿತು. ಅಲ್ಲಿ ಡಬ್ಬಿ ಎತ್ತಿಕೊಂಡು ಬಂದು, ಬುದ್ಧಿ ಹೇಳಿ, ಕ್ಯಾನು ಬದಲಿಸಿ ಕೈತೊಳೆದುಕೊಂಡರು; ಅಷ್ಟು ಹಾಲನ್ನು ಕಳೆದುಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಸಾಕ್ಷಿ ಎಲೆಕ್ಟ್ರೋಡ್ ಮರಳಿ ಸ್ಟ್ರಿಪ್ಪಿಗೆ ಬಂತು. ನನ್ನ ಕೆಲಸ ಹೋಗಲಿಲ್ಲ.

ಹೊಳೆದಂಡೆಯ ಹಳ್ಳಿಯ ಕೇಂದ್ರವನ್ನು ಮಾತ್ರ ಮುಚ್ಚಿದರು. ಅದರ ಹೆಸರು ಆಗಲೇ ಊರೂರಿಗೆ ಗೊತ್ತಾಗಿತ್ತು, ಅಲ್ಲಿ ಕಠಿಣವಾಗದಿದ್ದರೆ ನಿಯಮಕ್ಕೆ ಬೆಲೆಯೇನು ಎಂದರು. ಎಲ್ಲ ಕೇಂದ್ರಗಳ ಫಲಕದ ಮೇಲೆ ಹಾಳೆ ಅಂಟಿಸಿದರು. ಅದರಲ್ಲಿ ಕಾರ್ಯದರ್ಶಿಯ ಹೆಸರಿತ್ತು, ಕೆಳಗೆ 'ಹಾಲಿನಲ್ಲಿ ಕಲಬೆರಕೆ ಪತ್ತೆಯಾದ ಕಾರಣ' ಎಂದಿತ್ತು. ಸಕ್ಕರೆ ಇರಲಿಲ್ಲ, ಪೆರಾಕ್ಸೈಡ್ ಇರಲಿಲ್ಲ, ತಿಳಿಯದೆ ಎಂಬುದೂ ಇರಲಿಲ್ಲ. ನಾನು ಅದನ್ನು ಕಿತ್ತುಕೊಂಡು ವ್ಯವಸ್ಥಾಪಕರ ಮುಂದೆ ಹಿಡಿದೆ.

"ಇದರಾಗ ಸುಳ್ಳ ಯಾವುದೈತಿ ತೋರಸ್ರಿ ಮೇಡಂ," ಎಂದರು ಅವರು.

ಮುಂದಿನ ಭಾನುವಾರ ಆ ಊರಿಗೆ ಹೋದೆ. ಹಾಲು ಹಾಕುತ್ತಿದ್ದ ಹೆಂಗಸರನ್ನು ಕೂಡಿಸಿ ನಾನೇ ಬಾಯಿಂದ ಹೇಳಿಬಿಡುತ್ತೇನೆ ಎಂದುಕೊಂಡಿದ್ದೆ. ಕೆಲವರು ಬಂದರು, ಬೇಲಿಯ ಹತ್ತಿರವೇ ನಿಂತರು. ಸಕ್ಕರೆ ಇರಲಿಲ್ಲ, ಯಂತ್ರ ತಪ್ಪು ಹೇಳಿತು, ಕ್ಯಾನು ತೊಳೆದ ನೀರು ಉಳಿದದ್ದು, ಬೇಕೆಂದು ಮಾಡಿದ್ದಲ್ಲ ಎಂದೆ. ಕಿಣ್ವದ ಕಥೆಯನ್ನೆಲ್ಲ ಬಿಟ್ಟು, ನನಗೆ ಬಂದಷ್ಟು ಸರಳವಾಗಿ ಹೇಳಿದೆ. ತಾಳ್ಮೆಯಿಂದ ಕೇಳಿದರು. ಕೊನೆಗೆ ಒಬ್ಬಾಕೆ, "ಒಟ್ಟ ಹಾಲಿನಾಗ ಏನೋ ಇತ್ತ ಅನ್ನೂದ ಖರೆನ ಅಲ್ರಿ?" ಎಂದಳು. ನಾನು ಹೌದೆನ್ನಬೇಕಾಯಿತು. ಅವಳು ತಲೆಯಾಡಿಸಿದಳು, ಉಳಿದವರೂ ತಲೆಯಾಡಿಸಿದರು. ಒಬ್ಬೊಬ್ಬರೇ ತಂಬಿಗೆ, ಕೊಡ ಎತ್ತಿಕೊಂಡು ಇನ್ನೊಬ್ಬ ಖರೀದಿದಾರನ ಗಾಡಿ ನಿಲ್ಲುವ ಕಡೆ ನಡೆದರು.

ಕಾರ್ಯದರ್ಶಿ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಈಗ ಅವರು ಕಾರ್ಯದರ್ಶಿಯೂ ಅಲ್ಲ. ನನ್ನನ್ನು ಒಳಗೆ ಕರೆದು, ಚಾಪೆ ಹಾಸಿ ಕೂರಿಸಿದರು. ತಮ್ಮ ಎಮ್ಮೆಯ ಹಾಲು ಕಾಸಿ ಚಹಾ ಮಾಡಿ ತಂದರು. ಮೊಮ್ಮಗಳು ಬಾಗಿಲ ಸಂದಿಯಿಂದ ನನ್ನನ್ನು ನೋಡುತ್ತಿತ್ತು.

ಕಪ್ಪು ಕೈಗೆ ಬಂತು. ತುಟಿಯವರೆಗೆ ಒಯ್ದ ಕೈ ನಿಂತಿತು. ನಾನು ನಿಲ್ಲಿಸಿದ್ದಲ್ಲ; ತಾನಾಗಿ ನಿಂತಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅದಕ್ಕಿಂತ ಹೆಚ್ಚಲ್ಲ. ಅವರ ಹಾಲಿನಲ್ಲಿ ಏನೂ ಇಲ್ಲವೆಂದು ಈ ಭೂಮಿಯ ಮೇಲೆ ಯಾರಿಗಾದರೂ ಖಚಿತವಾಗಿ ಗೊತ್ತಿದ್ದರೆ ಅದು ನನಗೆ.

ಅವರು ಅದನ್ನು ನೋಡಿದರು. ನನ್ನ ಕೈಯಿಂದ ಕಪ್ಪು ಇಸಿದುಕೊಂಡು, ಕಪ್ಪಿನಡಿಯ ಬಸಿಗೆ ಸ್ವಲ್ಪ ಸುರಿದು, ನನ್ನೆದುರೇ ಕುಡಿದರು. ಉಳಿದದ್ದನ್ನು ಮರಳಿ ನನ್ನ ಮುಂದಿಟ್ಟರು.

"ಚಹಾಕ್ಕ ಸಕ್ಕರಿ ಹಾಕೇನ್ರಿ ಮೇಡಮ್ಮಾರ," ಎಂದರು. "ಹಾಲಿಗಿ ಏನೂ ಹಾಕಿಲ್ಲ."

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಅಷ್ಟರಲ್ಲಿ ಎದ್ದು, ಮೊಮ್ಮಗಳನ್ನು ಎತ್ತಿಕೊಂಡು ಎಮ್ಮೆಯ ಕಡೆ ಹೊರಟುಹೋಗಿದ್ದರು. ನಾನು ಒಬ್ಬಳೇ ಕೂತು ಆ ಚಹಾ ಕುಡಿದೆ.